ಕಣ್ಣಿಲ್ಲದ ಏಜೆಂಟು, ಕೈಪಿಡಿ ಇಲ್ಲದ ಸ್ಟಾರ್ಟರು

ಮಾಯಸಂದ್ರ ಹೋಬಳಿಯ ಯಾವ ತೆಂಗಿನ ತೋಟಕ್ಕೆ ಹೋದರೂ ಬೋರ್‌ವೆಲ್ ಪಕ್ಕದ ಶೆಡ್ಡಿನಲ್ಲೋ ಕಲ್ಲುಕಂಬದ ಮೇಲೋ ಒಂದು ತಗಡಿನ ಡಬ್ಬ ಇರುತ್ತದೆ. ನಾವೆಲ್ಲ ಅದನ್ನು ಸ್ಟಾರ್ಟರ್ ಅಂತಲೇ ಕರೆಯುತ್ತೇವೆ. ಮೊದಲು ಅದರೊಳಗೆ ಕಾಯಿಲ್, ಕಾಂಟ್ಯಾಕ್ಟರ್, ಓವರ್‌ಲೋಡ್ ರಿಲೇ, ಎರಡು ಬಟನ್ ಇಷ್ಟೇ ಇರುತ್ತಿತ್ತು. ಈಗ ಅನೇಕ ಡಬ್ಬಗಳಲ್ಲಿ ಅದರ ಜೊತೆಗೆ ಅಂಗೈ ಅಗಲದ ಒಂದು ಬೋರ್ಡ್ ಸೇರಿಕೊಂಡಿದೆ. ಆ ಬೋರ್ಡಿನ ಮೇಲೊಂದು ಚಿಪ್, ಚಿಪ್ಪಿನೊಳಗೊಂದು ಪ್ರೋಗ್ರಾಂ, ಪಕ್ಕದಲ್ಲಿ ಸಿಮ್ ಹಾಕುವ ಜಾಗ. ಮನೆಯಿಂದಲೇ ಮಿಸ್ಡ್ ಕಾಲ್ ಕೊಟ್ಟರೆ ಮೋಟರ್ ಆನ್ ಆಗುತ್ತದೆ, ನೀರಿಲ್ಲದಿದ್ದರೆ ತಾನೇ ಆಫ್ ಆಗುತ್ತದೆ, ಕರೆಂಟ್ ಬಂದರೆ ಮೆಸೇಜ್ ಬರುತ್ತದೆ. ಇಂಥದ್ದಕ್ಕೆ ಇಂಜಿನಿಯರುಗಳು ಎಂಬೆಡೆಡ್ ವ್ಯವಸ್ಥೆ ಅನ್ನುತ್ತಾರೆ. ಹೆಸರು ದೊಡ್ಡದು. ಬೇರೊಂದು ಯಂತ್ರದೊಳಗೆ ಹುದುಗಿಕೊಂಡು ಒಂದೇ ಕೆಲಸ ಮಾಡುವ ಸಣ್ಣ ಕಂಪ್ಯೂಟರ್ ಅಂದರೆ ಸಾಕು.

ಇದು ನಮ್ಮ ಕಡೆ ಶೋಕಿಗೆ ಬಂದದ್ದಲ್ಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಡುವುದು ದಿನಕ್ಕೆ ಏಳು ಗಂಟೆ ಎಂಬುದು ಸರ್ಕಾರದ ಲೆಕ್ಕ. ಅದೂ ಪಾಳಿಯ ಮೇಲೆ, ಕೆಲವೊಮ್ಮೆ ನಡುರಾತ್ರಿ. ಹಾವು, ಚಿರತೆ, ಒದ್ದೆ ಕಾಲು, ತುಂಡಾದ ವೈರು, ಇವೆಲ್ಲ ದಾಟಿಕೊಂಡು ಕತ್ತಲಲ್ಲಿ ಬಟನ್ ಒತ್ತಲು ಹೋಗಬೇಕಿತ್ತು. ಫೋನಿನಲ್ಲಿ ಮೋಟರ್ ಹಾಕುವ ಸಾಧನ ಬಂದ ಮೇಲೆ ವಯಸ್ಸಾದವರು, ಒಂಟಿ ಹೆಣ್ಣುಮಕ್ಕಳು ನಡೆಸುವ ಮನೆಗಳು ಉಸಿರು ಬಿಟ್ಟವು. ಹಾಗಾಗಿ ಆ ಬೋರ್ಡ್ ಕೆಟ್ಟರೆ ತೊಂದರೆ ಬರೀ ದುಡ್ಡಿನದಲ್ಲ.

ಬೋರ್ಡ್ ಕೆಟ್ಟಾಗ ಏನಾಗುತ್ತದೆ? ರೈತ ಅದನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ತುರುವೇಕೆರೆಗೋ ತಿಪಟೂರಿಗೋ ಹೋಗುತ್ತಾನೆ. ಅಂಗಡಿಯವನು ತಿರುಗಿಸಿ ನೋಡಿ, "ಬೋರ್ಡ್ ಹೋಗೈತೆ ಕಣಣ್ಣ, ಹೊಸದು ಹಾಕ್ಸಿಬಿಡು" ಅನ್ನುತ್ತಾನೆ. ಅವನನ್ನು ದೂರಿ ಪ್ರಯೋಜನವಿಲ್ಲ. ಆ ಬೋರ್ಡಿನ ನಕ್ಷೆ ಅವನ ಬಳಿ ಇಲ್ಲ. ಕೆಲವು ಬೋರ್ಡುಗಳಲ್ಲಿ ಚಿಪ್ಪಿನ ಮೇಲಿನ ನಂಬರನ್ನೂ ಉಜ್ಜಿ ಅಳಿಸಿರುತ್ತಾರೆ. ಬೋರ್ಡಿನ ಅಂಚಿನಲ್ಲಿ ನಾಲ್ಕೈದು ಸಣ್ಣ ತವರದ ಚುಕ್ಕೆಗಳಿರುತ್ತವೆ. ತಯಾರಿಸಿದವರು ಒಳಗಿನ ಪ್ರೋಗ್ರಾಂ ತುಂಬಿದ್ದು, ಪರೀಕ್ಷೆ ಮಾಡಿದ್ದು ಆ ಚುಕ್ಕೆಗಳ ಮೂಲಕ. ಅವು ಏನು, ಎಷ್ಟು ವೋಲ್ಟಿನವು, ಅಲ್ಲಿಂದ ಯಾವ ಮಾತು ಹೊರಗೆ ಬರುತ್ತದೆ ಎಂದು ಎಲ್ಲೂ ಬರೆದಿರುವುದಿಲ್ಲ. ಹೀಗೆ ಎಸೆದ ಬೋರ್ಡುಗಳಲ್ಲಿ ಎಷ್ಟೋ ನಿಜಕ್ಕೂ ಕೆಟ್ಟಿರುವುದೇ ಇಲ್ಲ.

ಈಗ ಇದರ ಮಧ್ಯೆ ಇನ್ನೊಬ್ಬ ಬಂದಿದ್ದಾನೆ. ಅವನ ಹೆಸರು ಎಐ ಏಜೆಂಟ್.

ಏಜೆಂಟ್ ಅಂದರೆ ಇಲ್ಲಿ ಯಾರು?

ನಮ್ಮ ಭಾಗದಲ್ಲಿ ಏಜೆಂಟ್ ಅಂದರೆ ವಿಮೆ ಮಾಡಿಸುವವನು, ಇಲ್ಲವೇ ಜಮೀನು ತೋರಿಸುವವನು. ಇದು ಬೇರೆ. ಪ್ರಶ್ನೆ ಕೇಳಿದರೆ ಉತ್ತರ ಹೇಳುವ ಎಐಯನ್ನು ಈಗ ಹಳ್ಳಿ ಹುಡುಗರೂ ಫೋನಿನಲ್ಲಿ ಬಳಸುತ್ತಾರೆ. ಏಜೆಂಟ್ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಅದು ಉತ್ತರ ಹೇಳಿ ಸುಮ್ಮನಾಗುವುದಿಲ್ಲ, ಕಂಪ್ಯೂಟರಿನಲ್ಲಿರುವ ಸಲಕರಣೆಗಳನ್ನು ತಾನೇ ಓಡಿಸುತ್ತದೆ, ಬಂದ ಫಲಿತಾಂಶ ಓದುತ್ತದೆ, ಅದರ ಮೇಲೆ ಮುಂದಿನ ಆದೇಶ ಕೊಡುತ್ತದೆ. ಇಂಥ ಏಜೆಂಟುಗಳಿಗೆ ಸಲಕರಣೆಗಳನ್ನು ಜೋಡಿಸಲು ಆಂಥ್ರಾಪಿಕ್ ಕಂಪನಿ 2024ರ ನವೆಂಬರಿನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಮುಕ್ತ ಪದ್ಧತಿಯನ್ನು ಹೊರತಂದಿತು. 2025ರಲ್ಲಿ ಏಜೆಂಟ್ಸ್ ಡಾಟ್ ಎಂಡಿ ಎಂಬ ಹೆಸರಿನ ಕಡತವನ್ನು ಪ್ರತಿ ಪ್ರೋಗ್ರಾಮಿನ ಜೊತೆ ಇಡುವ ಪದ್ಧತಿ ಹಬ್ಬಿತು. ಅದು ಮನುಷ್ಯರಿಗೆ ಬರೆದ ಕೈಪಿಡಿಯಲ್ಲ, ಏಜೆಂಟಿಗೆಂದೇ ಬರೆದದ್ದು: ಇದನ್ನು ಹೀಗೆ ಓಡಿಸು, ಇದನ್ನು ಮುಟ್ಟಬೇಡ ಎಂದು.

ಎಂಬೆಡೆಡ್ ಕೆಲಸದಲ್ಲಿ ಸಲಕರಣೆ ಅಂದರೆ ಡೀಬಗರ್. ಚಿಪ್ಪಿನೊಳಗೆ ಇಣುಕಿ ನೋಡುವ ಯಂತ್ರ ಅನ್ನಬಹುದು. ಬೋರ್ಡಿನ ಆ ಚುಕ್ಕೆಗಳಿಗೆ ವೈರು ಕೊಟ್ಟು, ಓಡುತ್ತಿರುವ ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ, ಯಾವ ಲೆಕ್ಕ ಎಲ್ಲಿ ತಪ್ಪಿದೆ ನೋಡುತ್ತಾರೆ. ಇದಕ್ಕೆ ಬೇಕಾದ ಜೆಟ್ಯಾಗ್ ಎಂಬ ಮಾನದಂಡ 1990ರದು. ಜಿಡಿಬಿ ಎಂಬ ಡೀಬಗರ್ 1986ರಿಂದ ಇದೆ. ಇವೆರಡನ್ನೂ ಜೋಡಿಸುವ ಓಪನ್‌ಓಸಿಡಿ ಎಂಬ ಉಚಿತ ತಂತ್ರಾಂಶ ಹುಟ್ಟಿದ್ದು 2005ರಲ್ಲಿ, ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ, ಡೊಮಿನಿಕ್ ರಾಥ್ ಎಂಬ ವಿದ್ಯಾರ್ಥಿಯ ಡಿಪ್ಲೊಮಾ ಪ್ರಬಂಧವಾಗಿ. ಡಿಪ್ಲೊಮಾ ಮಾಡಿಕೊಂಡ ನಮ್ಮಂಥವರಿಗೆ ಈ ಸಂಗತಿ ಓದಿ ಸ್ವಲ್ಪ ಖುಷಿಯೇ ಆಯಿತು. ಒಬ್ಬನ ಡಿಪ್ಲೊಮಾ ಪ್ರಬಂಧ ಇಪ್ಪತ್ತು ವರ್ಷದಿಂದ ಜಗತ್ತಿನ ಎಷ್ಟೋ ಲ್ಯಾಬುಗಳಲ್ಲಿ ದಿನಾ ಓಡುತ್ತಿದೆ.

ಈ ಡೀಬಗರುಗಳನ್ನು ಏಜೆಂಟಿನ ಕೈಗೆ ಕೊಡುವ ಪ್ರಯತ್ನ ಈಗ ನಡೆದಿದೆ. ಹಾಗಾಗಿ ಅವುಗಳ ಕೈಪಿಡಿಗಳನ್ನು ಏಜೆಂಟಿಗೆ ತಿಳಿಯುವಂತೆ ಹೊಸದಾಗಿ ಬರೆಯಬೇಕು ಎಂಬ ಮಾತು ಇಂಜಿನಿಯರುಗಳ ನಡುವೆ ಎದ್ದಿದೆ. ನಮ್ಮ ಅಭಿಪ್ರಾಯ ಇಷ್ಟು: ಬರೆಯಲಿ, ಬೇಗ ಬರೆಯಲಿ. ಆದರೆ ಬರೆಯುವಾಗ ಬೆಂಗಳೂರಿನ ಲ್ಯಾಬಿನ ಮೇಜೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡರೆ ಸಾಲದು. ತುರುವೇಕೆರೆಯ ರಿಪೇರಿ ಅಂಗಡಿಯ ಮೇಜೂ ಕಣ್ಣ ಮುಂದಿರಬೇಕು. ಯಾಕೆಂದರೆ ಏಜೆಂಟಿಗೆ ಬೇಕಾದ ಬರವಣಿಗೆಯೂ ನಮ್ಮ ಮೆಕ್ಯಾನಿಕ್ ಇಷ್ಟು ವರ್ಷದಿಂದ ಕೇಳುತ್ತಿರುವ ಬರವಣಿಗೆಯೂ ಒಂದೇ.

ಡೆಸ್ಕಿನವರು ಊರು ನೋಡಿಲ್ಲ

ಈ ಮಾತು ನಮಗೆ ಬೇಗ ಅರ್ಥವಾಗಲು ಕಾರಣ ನಮ್ಮ ಕಸುಬು. ನಾವು ಸುದ್ದಿ ಕಳಿಸುವ ಡೆಸ್ಕಿನಲ್ಲಿ ಕೂತವರು ಮಾಯಸಂದ್ರ ನೋಡಿರುವುದಿಲ್ಲ. "ಕೆರೆ ಏರಿ ಹತ್ರ ಟಿಸಿ ಸುಟ್ಟಿದೆ" ಅಂತ ಬರೆದರೆ ಯಾವ ಕೆರೆ, ಟಿಸಿ ಅಂದರೇನು, ಸುಟ್ಟು ಎಷ್ಟು ದಿನವಾಯಿತು ಅಂತ ಫೋನ್ ಬರುತ್ತದೆ. ಫೋನ್ ಬಂದರೆ ಪುಣ್ಯ. ಬಾರದಿದ್ದರೆ ಅವರೇ ಊಹಿಸಿಕೊಂಡು ಏನೋ ಒಂದು ಹಾಕಿಬಿಡುತ್ತಾರೆ, ಮಾರನೇ ದಿನ ಊರವರ ಎದುರು ನಿಲ್ಲುವವರು ನಾವು. ಅದಕ್ಕೇ ತರಗತಿಯಲ್ಲಿ ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರು ಪ್ರಶ್ನೆ ಕಲಿಸಿದ್ದು. ಓದುವವನಿಗೆ ಸ್ಥಳದ ಪರಿಚಯವಿಲ್ಲ ಎಂದು ತಿಳಿದೇ ಬರೆಯಬೇಕು.

ಏಜೆಂಟ್ ಕೂಡ ಆ ಡೆಸ್ಕಿನ ಹಾಗೆ. ಅದಕ್ಕೆ ಓದು ಇದೆ, ಕಣ್ಣಿಲ್ಲ. ಸ್ಟಾರ್ಟರಿನ ಡಬ್ಬದೊಳಗೆ ಮೆಯ್ನ್ ಆನ್ ಇದೆಯೋ ಆಫ್ ಇದೆಯೋ ಅದಕ್ಕೆ ಕಾಣದು. ಮೋಟರಿನ ವೈರು ಬಿಚ್ಚಿದ್ದಾರೋ ಇಲ್ಲವೋ ತಿಳಿಯದು. ಕೈಪಿಡಿಯಲ್ಲಿ ಬರೆಯದೇ ಬಿಟ್ಟದ್ದನ್ನು ಅದು ಊಹಿಸಿಕೊಳ್ಳುತ್ತದೆ, ಊಹೆಯನ್ನೂ ಖಚಿತ ದನಿಯಲ್ಲೇ ಹೇಳುತ್ತದೆ. ಅನುಭವಿ ಇಂಜಿನಿಯರಿಗೆ ಬರೆದ ಕೈಪಿಡಿಗಳಲ್ಲಿ "ಇದು ಎಲ್ಲರಿಗೂ ಗೊತ್ತಿರುವುದೇ" ಎಂದು ಬಿಟ್ಟ ಸಾಲುಗಳು ಬಹಳ. ಆ ಬಿಟ್ಟ ಸಾಲುಗಳಲ್ಲೇ ನಮ್ಮ ಮೆಕ್ಯಾನಿಕ್ ಮೊದಲಿನಿಂದ ಎಡವಿದ್ದು. ಈಗ ಏಜೆಂಟೂ ಅಲ್ಲೇ ಎಡವುತ್ತದೆ.

ಮೊದಲು ಸಣ್ಣ ತೊಡಕುಗಳನ್ನೇ ನೋಡಿ. ಓಪನ್‌ಓಸಿಡಿಯನ್ನು ಓಡಿಸಿದರೆ ಅದು ಕೆಲಸ ಮುಗಿಸಿ ಹೊರಗೆ ಬರುವುದಿಲ್ಲ. ಹಿನ್ನೆಲೆಯಲ್ಲಿ ಕಾಯುತ್ತಾ ಕೂರುವುದೇ ಅದರ ಕೆಲಸ, ಮಾತಾಡಿಸಬೇಕಾದರೆ ಬೇರೆ ಬಾಗಿಲಿನಿಂದ ಹೋಗಬೇಕು. ಮನುಷ್ಯನಿಗೆ ಇದು ಎರಡನೇ ದಿನಕ್ಕೆ ಗೊತ್ತಾಗುತ್ತದೆ. ಹೇಳದಿದ್ದರೆ ಏಜೆಂಟ್ ಅದು ಮುಗಿಯಲಿ ಎಂದು ಕಾಯುತ್ತಲೇ ಇರುತ್ತದೆ. ಜಿಡಿಬಿ ಉದ್ದದ ಉತ್ತರ ಕೊಡುವಾಗ ಒಂದು ಪುಟ ತೋರಿಸಿ, ಮುಂದಿನದಕ್ಕೆ ಎಂಟರ್ ಒತ್ತು ಎಂದು ನಿಂತುಬಿಡುತ್ತದೆ. ಒತ್ತುವವರಿಲ್ಲದಿದ್ದರೆ ಅಲ್ಲೇ ಗೂಟ. ಅದಕ್ಕೆ ಬ್ಯಾಚ್ ಎಂಬ ಆಯ್ಕೆ ಇದೆ, ಆದೇಶಗಳನ್ನು ಸಾಲಾಗಿ ಕೊಟ್ಟರೆ ಓಡಿಸಿ ತಾನೇ ಹೊರಬರುತ್ತದೆ. ಸೀರಿಯಲ್ ಪೋರ್ಟಿನಿಂದ ಬರುವ ಸಾಲುಗಳನ್ನು ಓದುವಾಗಲೂ ಅಷ್ಟೆ, ಎಷ್ಟು ಸೆಕೆಂಡ್ ಓದಿ ನಿಲ್ಲಿಸಬೇಕು ಎಂದು ಮೊದಲೇ ಹೇಳಬೇಕು. ಕೆಲಸ ಆಯಿತೋ ಇಲ್ಲವೋ ಎಂಬುದನ್ನು ಕಣ್ಣಳತೆಯಲ್ಲಿ ಬಿಡದೆ ಸ್ಪಷ್ಟ ಗುರುತಿನಲ್ಲಿ ಹೇಳಬೇಕು. ಇಂಥವನ್ನು ಬರೆಯಲು ಅರ್ಧ ಪುಟ ಸಾಕು. ಆ ಅರ್ಧ ಪುಟ ಇಲ್ಲದೆ ಪಾಲಿಟೆಕ್ನಿಕ್ ಹುಡುಗರು ಎಷ್ಟು ಸಂಜೆಗಳನ್ನು ಕಳೆದಿದ್ದಾರೋ ಅವರನ್ನೇ ಕೇಳಬೇಕು.

ತಪ್ಪಿದರೆ ಏನು ಹೋಗುತ್ತದೆ

ಸಣ್ಣ ತೊಡಕಾದರೆ ಸಮಯ ಹೋಗುತ್ತದೆ. ದೊಡ್ಡದಾದರೆ ಮೋಟರ್ ಹೋಗುತ್ತದೆ, ಇನ್ನೂ ದೊಡ್ಡದಾದರೆ ಜೀವ ಹೋಗುತ್ತದೆ. ಉತ್ಪ್ರೇಕ್ಷೆ ಅನ್ನಬೇಡಿ, ಒಂದೊಂದಾಗಿ ಹೇಳುತ್ತೇವೆ.

ಚಿಪ್ಪನ್ನು ನಡುವೆ ನಿಲ್ಲಿಸುವುದು ಡೀಬಗರಿನ ಮೊದಲ ಪಾಠ. ನಿಲ್ಲಿಸಿದಾಗ ಚಿಪ್ ಲೆಕ್ಕ ಮಾಡುವುದನ್ನು ಬಿಡುತ್ತದೆ, ಆದರೆ ಅದರ ಕಾಲುಗಳು ನಿಲ್ಲಿಸುವ ಕ್ಷಣದಲ್ಲಿ ಹೇಗಿದ್ದವೋ ಹಾಗೇ ಉಳಿಯುತ್ತವೆ. ರಿಲೇ ಆನ್ ಇದ್ದಾಗ ನಿಲ್ಲಿಸಿದರೆ ರಿಲೇ ಆನ್ ಆಗಿಯೇ ಇರುತ್ತದೆ. ಮೋಟರ್ ಓಡುತ್ತಲೇ ಇರುತ್ತದೆ. ನೀರು ಬರುತ್ತಿದೆಯೇ ಎಂದು ಕಾಯುತ್ತಿದ್ದ ಪ್ರೋಗ್ರಾಂ ಮಾತ್ರ ನಿದ್ದೆಗೆ ಜಾರಿರುತ್ತದೆ. ಸಬ್‌ಮರ್ಸಿಬಲ್ ಮೋಟರಿಗೆ ತಂಪು ಕೊಡುವುದೇ ಸುತ್ತಲಿನ ನೀರು. ಬೇಸಿಗೆಯಲ್ಲಿ ಬೋರಿನ ನೀರು ಇಳಿದಾಗ ಒಣಗಿ ಓಡಿದರೆ ಬುಷ್, ವೈಂಡಿಂಗ್ ಎಲ್ಲ ಹೋದಂತೆಯೇ. ಹೀಗಾಗದಿರಲೆಂದು ಚಿಪ್ಪಿನಲ್ಲಿ ವಾಚ್‌ಡಾಗ್ ಎಂಬ ಕಾವಲುಗಾರ ಇರುತ್ತದೆ. ಪ್ರೋಗ್ರಾಂ ಹೊತ್ತಿಗೆ ಸರಿಯಾಗಿ ತಲೆ ಎತ್ತದಿದ್ದರೆ ಅದು ಚಿಪ್ಪನ್ನು ಹೊಸದಾಗಿ ಶುರು ಮಾಡುತ್ತದೆ. ಆದರೆ ಬಹಳ ಬಳಕೆಯಲ್ಲಿರುವ ಎಸ್‌ಟಿಎಂ32 ಚಿಪ್ಪುಗಳಿಗೆ ಓಪನ್‌ಓಸಿಡಿ ಜೊತೆಗೇ ಬರುವ ಸಿದ್ಧ ಕಡತಗಳಲ್ಲಿ, ಚಿಪ್ ನಿಂತಾಗ ಈ ಕಾವಲುಗಾರನೂ ನಿಲ್ಲುವಂತೆ ಮಾಡಿರುವ ಉದಾಹರಣೆಗಳಿವೆ. ಲ್ಯಾಬಿನಲ್ಲಿ ಅದು ಅನುಕೂಲ. ತೋಟದಲ್ಲಿ ಮೋಟರ್ ಜೋಡಿಸಿದ ಸ್ಟಾರ್ಟರಿನ ಮೇಲೆ ಅದು ಅಪಾಯ. ಏಜೆಂಟಿನ ಕೈಪಿಡಿಯಲ್ಲಿ "ಹಾಲ್ಟ್" ಎಂಬ ಆದೇಶದ ಪಕ್ಕದಲ್ಲೇ ಈ ಸಾಲು ಇರಬೇಕೋ ಬೇಡವೋ, ನೀವೇ ಹೇಳಿ.

ಎರಡನೆಯದು ಅಳಿಸಿಹೋಗುವ ಸಂಗತಿ. ತಯಾರಕರು ತಮ್ಮ ಪ್ರೋಗ್ರಾಮನ್ನು ಯಾರೂ ನಕಲು ಮಾಡದಿರಲೆಂದು ಚಿಪ್ಪಿಗೆ ಬೀಗ ಹಾಕುತ್ತಾರೆ. ಎಸ್‌ಟಿಎಂ32 ಚಿಪ್ಪುಗಳಲ್ಲಿ ಮೊದಲ ಹಂತದ ಬೀಗ ತೆಗೆದರೆ ಒಳಗಿನ ಪ್ರೋಗ್ರಾಂ ಪೂರ್ತಿ ಅಳಿಸಿಹೋಗುತ್ತದೆ. ಅದನ್ನು ಹಾಗೇ ಮಾಡಿದ್ದಾರೆ. "ಬೀಗ ಇದೆ, ಓದಲಾಗುತ್ತಿಲ್ಲ" ಎಂಬ ಸಂದೇಶ ಬಂದಾಗ, ಹೇಗಾದರೂ ಕೆಲಸ ಮುಗಿಸಬೇಕೆಂದು ಹೊರಟ ಏಜೆಂಟಿಗೆ ಬೀಗ ತೆಗೆಯುವ ಆದೇಶ ಸಹಜ ಮುಂದಿನ ಹೆಜ್ಜೆಯಂತೆ ಕಾಣಬಹುದು. ಒಂದು ಸಾಲಿನ ಆದೇಶ ಅಷ್ಟೇ, ಸಣ್ಣ ದೋಷವಿದ್ದ ಸ್ಟಾರ್ಟರ್ ಖಾಲಿ ಬಿಲ್ಲೆಯಾಗುತ್ತದೆ. ಹೊಸ ಪ್ರೋಗ್ರಾಂ ಕೊಡಲು ತಯಾರಕರು ಸಿಗದಿದ್ದರೆ ಅಲ್ಲಿಗೆ ಮುಗಿಯಿತು. ಇಎಸ್‌ಪಿ32 ಎಂಬ ಅಗ್ಗದ ಚಿಪ್ಪಿನಲ್ಲಿ ಇ-ಫ್ಯೂಸ್‌ಗಳಿವೆ. ಅವನ್ನು ಒಮ್ಮೆ ಸುಟ್ಟರೆ ಮತ್ತೆ ಹಿಂದಕ್ಕೆ ತರುವ ದಾರಿಯೇ ಇಲ್ಲ. ಹಿಂದಕ್ಕೆ ತರಬಹುದಾದ ಆದೇಶ ಯಾವುದು, ತರಲಾಗದ್ದು ಯಾವುದು ಎಂದು ಬೇರೆ ಬೇರೆಯಾಗಿ ಪಟ್ಟಿ ಮಾಡದ ಕೈಪಿಡಿ ನಮ್ಮ ಮಟ್ಟಿಗೆ ಕೈಪಿಡಿಯೇ ಅಲ್ಲ.

ಮೂರನೆಯದು ಕರೆಂಟು. ಅಗ್ಗದ ಬೋರ್ಡುಗಳಲ್ಲಿ ಟ್ರಾನ್ಸ್‌ಫಾರ್ಮರ್ ಉಳಿಸಲು, ಕೆಪಾಸಿಟರ್ ಮೂಲಕ ನೇರವಾಗಿ ಮೆಯ್ನ್ ಲೈನಿನಿಂದಲೇ ಚಿಪ್ಪಿಗೆ ವೋಲ್ಟೇಜ್ ಇಳಿಸಿಕೊಳ್ಳುವ ವಿನ್ಯಾಸವೂ ಇದೆ. ಅಂಥ ಬೋರ್ಡಿನಲ್ಲಿ ಗ್ರೌಂಡ್ ಎಂದು ಬರೆದ ಚುಕ್ಕೆಯೂ ಲೈನಿಗೆ ತಾಗಿಕೊಂಡೇ ಇರಬಹುದು. ಮೆಯ್ನ್ ಆನ್ ಇದ್ದಾಗ ಅದಕ್ಕೆ ಲ್ಯಾಪ್‌ಟಾಪಿನ ಯುಎಸ್‌ಬಿ ವೈರು ಕೊಟ್ಟರೆ ಲ್ಯಾಪ್‌ಟಾಪ್ ಸುಡಬಹುದು, ಅದನ್ನು ಮುಟ್ಟಿದವನಿಗೆ ಶಾಕ್ ಹೊಡೆಯಬಹುದು. ನಮ್ಮ ಪಂಪ್‌ಸೆಟ್ಟಿನ ಲೈನು 415 ವೋಲ್ಟಿನದು. ಏಜೆಂಟ್ "ಈಗ ಗ್ರೌಂಡ್ ವೈರನ್ನು ಜೋಡಿಸಿ" ಎಂದು ಸಲೀಸಾಗಿ ಹೇಳುತ್ತದೆ. ಒದ್ದೆ ನೆಲದ ಮೇಲೆ ನಿಂತು ಜೋಡಿಸುವ ಕೈ ಐಟಿಐ ಮುಗಿಸಿ ಈಗಷ್ಟೇ ಅಂಗಡಿ ಸೇರಿದ ಹುಡುಗನದು.

ಸರಿಯಾಗಿ ಬರೆದರೆ ಏನು ಉಳಿಯುತ್ತದೆ

ಹೆದರಿಸುವುದಷ್ಟೇ ನಮ್ಮ ಉದ್ದೇಶವಲ್ಲ. ಲಾಭವೂ ದೊಡ್ಡದೇ ಇದೆ. ನಮ್ಮ ಕಡೆ ದಿನಾ ಕೇಳುವ ಒಂದು ದೂರು ತಗೊಳ್ಳಿ: "ಮೋಟ್ರು ಹಾಕುದ್ರೆ ಹತ್ತು ಸೆಕೆಂಡಿಗೆ ಟ್ರಿಪ್ ಆಗ್ತೈತೆ." ಇದಕ್ಕೆ ನಾಲ್ಕು ಕಾರಣ ಇರಬಹುದು. ಬೋರಿನಲ್ಲಿ ನೀರಿಲ್ಲದೆ ಮೋಟರ್ ಕಡಿಮೆ ಕರೆಂಟ್ ಎಳೆಯುತ್ತಿರಬಹುದು. ಒಂದು ಫೇಸ್ ಹೋಗಿರಬಹುದು. ವೋಲ್ಟೇಜ್ ಇಳಿದಿರಬಹುದು. ಇಲ್ಲವೇ ಕರೆಂಟ್ ಅಳೆಯುವ ಸಿಟಿ ಎಂಬ ಉಂಗುರದ ವೈರು ಸಡಿಲವಾಗಿ, ಮೋಟರ್ ಚೆನ್ನಾಗಿ ಓಡುತ್ತಿದ್ದರೂ ಬೋರ್ಡಿಗೆ ಸೊನ್ನೆ ಕಾಣುತ್ತಿರಬಹುದು. ಮೊದಲನೆಯದಾದರೆ ಮೋಟರ್ ಎತ್ತಿಸಿ ಪೈಪ್ ಇಳಿಸಬೇಕು, ನೂರಾರು ಅಡಿಯಿಂದ ಎತ್ತುವ ಕೂಲಿ, ಗಾಡಿ, ಒಂದು ದಿನದ ಕೆಲಸ. ಕೊನೆಯದಾದರೆ ಒಂದು ಸ್ಕ್ರೂ ತಿರುಗಿಸಿದರೆ ಮುಗಿಯಿತು. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ಥರ ಕಾಣುತ್ತವೆ.

ಆದರೆ ಬೋರ್ಡಿಗೆ ಗೊತ್ತಿರುತ್ತದೆ. ಯಾವ ಕಾರಣಕ್ಕೆ ಆಫ್ ಮಾಡಿದೆ ಎಂದು ಎಷ್ಟೋ ಬೋರ್ಡುಗಳು ಸೀರಿಯಲ್ ಚುಕ್ಕೆಯಲ್ಲಿ ಒಂದು ಸಾಲು ಉದುರಿಸುತ್ತವೆ. ಓದುವವರಿಲ್ಲ ಅಷ್ಟೇ. ಆ ಚುಕ್ಕೆ ಎಲ್ಲಿದೆ, ಎಷ್ಟು ವೇಗದಲ್ಲಿ ಓದಬೇಕು, ಬಂದ ಸಾಲಿನ ಅರ್ಥವೇನು ಎಂದು ಬರೆದಿಟ್ಟರೆ, ಕೆಲವು ನೂರು ರೂಪಾಯಿಯ ಯುಎಸ್‌ಬಿ ತುಣುಕು, ಒಂದು ಹಳೇ ಲ್ಯಾಪ್‌ಟಾಪ್, ಒಂದು ಏಜೆಂಟ್ ಇದ್ದರೆ ಸಾಕು. ಏಜೆಂಟ್ ಆ ಸಾಲು ಓದಿ, "ರಿಲೇ ಆನ್ ಆಗಿದೆ, ಸಿಟಿಯಿಂದ ಬರುವ ಲೆಕ್ಕ ಮಾತ್ರ ಸೊನ್ನೆ. ಮೋಟರ್ ಎತ್ತುವ ಮೊದಲು ಸಿಟಿ ವೈರ್ ನೋಡಿ" ಎಂದು ಕನ್ನಡದಲ್ಲೇ ಹೇಳಬಲ್ಲದು. ಒಂದು ಮನೆಗೆ ಒಂದು ಸಲ ಮೋಟರ್ ಸುಮ್ಮನೆ ಎತ್ತಿಸುವುದು ತಪ್ಪಿದರೂ ಆ ಕೈಪಿಡಿ ಬರೆದ ಶ್ರಮ ಸಾರ್ಥಕ.

ಹಾಗಾದರೆ ಆ ಕೈಪಿಡಿ ಹೇಗಿರಬೇಕು? ನಮ್ಮ ಆರು ಪ್ರಶ್ನೆಗಳನ್ನೇ ಹಿಡಿಯೋಣ. ಯಾವ ಬೋರ್ಡು, ಅದರ ಯಾವ ಆವೃತ್ತಿ ಎಂಬುದು ಮೊದಲ ಸಾಲಿನಲ್ಲಿರಬೇಕು. ಆವೃತ್ತಿ ಬದಲಾದರೆ ಚುಕ್ಕೆಗಳ ಜಾಗವೂ ಬದಲಾಗುತ್ತದೆ. ಎಲ್ಲಿ ಎಂಬುದಕ್ಕೆ ಚಿತ್ರದ ಜೊತೆ ಮಾತಿನ ವಿವರಣೆಯೂ ಬೇಕು: ಸಿಮ್ ಜಾಗದ ಎಡಕ್ಕೆ, ಅಂಚಿನಿಂದ ಎರಡನೆಯದು, 3.3 ವೋಲ್ಟ್, ಇದಕ್ಕೆ 5 ವೋಲ್ಟ್ ಕೊಟ್ಟರೆ ಚಿಪ್ ಸುಡುತ್ತದೆ, ಹೀಗೆ. ಯಾವಾಗ ಎಂಬುದರಲ್ಲಿ ಯಾವಾಗ ಮಾಡಬಾರದು ಎನ್ನುವುದೇ ಮುಖ್ಯ: ಮೆಯ್ನ್ ಆಫ್, ಫ್ಯೂಸ್ ಕಿತ್ತ ಮೇಲೆ, ಮೋಟರ್ ವೈರು ಬಿಚ್ಚಿದ ಮೇಲೆ. ಏನು ಬರಬೇಕು ಎಂಬುದಕ್ಕೆ ಸರಿಯಿದ್ದಾಗ ಬರುವ ಸಾಲು, ಕೆಟ್ಟಾಗ ಬರುವ ಸಾಲು ಎರಡನ್ನೂ ಅಕ್ಷರ ಬಿಡದೆ ಕೊಡಬೇಕು. ಹೇಗೆ ಎಂಬುದರಲ್ಲಿ ಶುರು ಮಾಡುವ ಆದೇಶದ ಪಕ್ಕದಲ್ಲೇ ನಿಲ್ಲಿಸುವ ಆದೇಶ. ಏಕೆ ಎಂಬುದು ಒಂದೇ ಸಾಲಿದ್ದರೂ ಸಾಕು, ಕಾರಣ ತಿಳಿದರೆ ಹೊಸ ಸಂದರ್ಭದಲ್ಲೂ ಸರಿಯಾಗಿ ನಡೆದುಕೊಳ್ಳಬಹುದು, ಮನುಷ್ಯನಾದರೂ ಯಂತ್ರವಾದರೂ.

ಇನ್ನು ಯಾರು? ನಮ್ಮ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಓದುವ ಆದೇಶಗಳನ್ನು ಏಜೆಂಟ್ ತಾನೇ ಕೊಡಲಿ. ಅಳಿಸುವ, ಬರೆಯುವ, ರಿಲೇ ಎಳೆಯುವ ಆದೇಶಗಳಿಗೆ ಮಾತ್ರ ಬೋರ್ಡಿನ ಎದುರು ನಿಂತ ಮನುಷ್ಯ ಹೂಂ ಅನ್ನಬೇಕು. ಕೈಪಿಡಿಯಲ್ಲಿ ಬರೆದರಷ್ಟೇ ಸಾಲದು, ಆತ ಹೂಂ ಅನ್ನುವ ತನಕ ಸಲಕರಣೆಯೇ ಆ ಆದೇಶವನ್ನು ತಡೆದಿಟ್ಟಿರಬೇಕು. ಬರೆದ ಎಚ್ಚರಿಕೆಯನ್ನು ಮನುಷ್ಯರೂ ಮರೆಯುತ್ತಾರೆ, ಏಜೆಂಟೂ ಮರೆಯುತ್ತದೆ.

ಎದುರು ಮಾತುಗಳು

ಇದನ್ನು ಗೆಳೆಯರ ನಡುವೆ ಆಡಿದಾಗ ಮೂರು ಆಕ್ಷೇಪಣೆ ಬಂದವು. ಮೊದಲನೆಯದು: "ನಮಗೇ ಯಾವತ್ತೂ ಕೈಪಿಡಿ ಬರೆಯದವರು ಈಗ ಯಂತ್ರಕ್ಕೆ ಬರೆಯುತ್ತಾರಂತೆ, ನಾವು ಅದಕ್ಕೂ ಕಡೆಯಾದೆವಾ?" ಈ ಸಿಟ್ಟು ನಮಗೂ ಇದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿಗೆ ಬಂದು ಚಿಪ್ ವಿನ್ಯಾಸದ ಕೆಲಸ ಶುರು ಮಾಡಿದ್ದು 1985ರಲ್ಲಿ. ನಲವತ್ತು ವರ್ಷವಾಯಿತು. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಮುಟ್ಟುವಷ್ಟು ಹತ್ತಿರದ ಊರಿನಲ್ಲಿ ಇಷ್ಟು ವಿದ್ಯೆ ಇದ್ದೂ ನಮ್ಮ ಸ್ಟಾರ್ಟರಿಗೆ ಕನ್ನಡದಲ್ಲಿ ನಾಲ್ಕು ಸಾಲು ಬರಲಿಲ್ಲ. ಆದರೂ ಈಗ ಬರೆಯುವ ಕಾರಣ ಅವರಿಗೆ ಸಿಕ್ಕಿದೆ ಎಂದಾದರೆ ನಾವು ಮುನಿಸಿಕೊಂಡು ಕೂರುವುದಕ್ಕಿಂತ, ಅದೇ ಬರಹ ನಮಗೂ ಸಿಗಬೇಕು ಎಂದು ಪಟ್ಟು ಹಿಡಿಯುವುದು ಮೇಲು. ಏಜೆಂಟಿಗೆ ಬರೆದ ಕಡತ ಸಾದಾ ಅಕ್ಷರದ ಕಡತ. ಅದನ್ನು ಮನುಷ್ಯನೂ ಓದಬಹುದು, ಕನ್ನಡಕ್ಕೂ ತರಬಹುದು.

ಎರಡನೆಯದು ಮೆಕ್ಯಾನಿಕ್‌ಗಳದು: "ಎಲ್ಲ ಅದೇ ಮಾಡುದ್ರೆ ನಮ್ ಹೊಟ್ಟೆಪಾಡು?" ಬೋರ್ಡ್ ಬಿಚ್ಚುವುದು, ವೈರು ಹಿಡಿಯುವುದು, ಬೆಸುಗೆ ಹಾಕುವುದು, ತೋಟಕ್ಕೆ ಹೋಗಿ ಮತ್ತೆ ಕೂರಿಸಿ ಓಡಿಸಿ ತೋರಿಸುವುದು, ಯಾವುದೂ ಏಜೆಂಟಿನಿಂದ ಆಗುವಂಥದ್ದಲ್ಲ. ಇವತ್ತು ಅವರ ಹೊಟ್ಟೆಯ ಮೇಲೆ ಹೊಡೆಯುತ್ತಿರುವುದು "ಹೊಸದು ಹಾಕ್ಸಿ" ಎಂಬ ವ್ಯವಹಾರ. ಮಾರಿದವನಿಗೆ ಲಾಭ, ರಿಪೇರಿಯವನಿಗೆ ಬಿಚ್ಚಿ ಹಾಕಿದ ಕೂಲಿ. ಬೋರ್ಡಿನ ಮಾತು ಓದಲು ಬಂದರೆ ಅವರ ಕೆಲಸಕ್ಕೆ ಬೆಲೆ ಹೆಚ್ಚುತ್ತದೆ.

ಮೂರನೆಯದು ತಯಾರಕರದು: ಎಲ್ಲ ಬರೆದುಕೊಟ್ಟರೆ ನಕಲು ಮಾಡುತ್ತಾರೆ ಎಂಬುದು. ನಾವು ಯಾರ ಪ್ರೋಗ್ರಾಮನ್ನೂ ಕೇಳುತ್ತಿಲ್ಲ. ಬೀಗ ಹಾಗೇ ಇರಲಿ. ದೋಷದ ಸಾಲುಗಳ ಅರ್ಥ, ಚುಕ್ಕೆಗಳ ವೋಲ್ಟೇಜ್, ಮಾಡಬಾರದ ಕೆಲಸಗಳ ಪಟ್ಟಿ, ಇಷ್ಟನ್ನು ಕೊಟ್ಟರೆ ಯಾರ ಗುಟ್ಟೂ ಬಯಲಾಗುವುದಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿನ ಬಗ್ಗೆ ಸಮಿತಿ ಮಾಡಿದಾಗ ಮೊದಲು ಗುರುತಿಸಿದ ನಾಲ್ಕು ವಲಯಗಳಲ್ಲಿ ಕೃಷಿ ಉಪಕರಣವೂ ಒಂದು. ಸ್ಟಾರ್ಟರ್ ಕೃಷಿ ಉಪಕರಣವಲ್ಲದೆ ಇನ್ನೇನು? 2019ರಲ್ಲಿ ಶುರುವಾದ ಪಿಎಂ-ಕುಸುಮ್ ಯೋಜನೆಯಲ್ಲಿ ಸೋಲಾರ್ ಪಂಪುಗಳಿಗೆ ಸಾರ್ವಜನಿಕರ ದುಡ್ಡಿನಲ್ಲಿ ಸಬ್ಸಿಡಿ ಹೋಗಿದೆ. ಅವುಗಳ ಕಂಟ್ರೋಲರಿನಲ್ಲೂ ಇಂಥದೇ ಚಿಪ್ ಇದೆ. ಸಬ್ಸಿಡಿ ಕೊಡುವಾಗ ಪರೀಕ್ಷೆಯ ಕೈಪಿಡಿಯನ್ನು, ಮನುಷ್ಯರಿಗೂ ಏಜೆಂಟಿಗೂ ತಿಳಿಯುವಂತೆ, ಕನ್ನಡದಲ್ಲೂ ಕೊಡಬೇಕು ಎಂದು ಟೆಂಡರಿನಲ್ಲಿ ಒಂದು ಷರತ್ತು ಸೇರಿಸಲು ಸರ್ಕಾರಕ್ಕೆ ಖರ್ಚೇನೂ ಇಲ್ಲ. ನಮ್ಮ ಜನಪ್ರತಿನಿಧಿಗಳು ಕೊಬ್ಬರಿ ಬೆಂಬಲ ಬೆಲೆಗೆ ಎತ್ತುವ ದನಿಯ ಹತ್ತರಲ್ಲೊಂದು ಪಾಲು ಇದಕ್ಕೆ ಎತ್ತಿದರೂ ಸಾಕು.

ನಮ್ಮ ಪಾಲಿನ ಕೆಲಸ

ಈ ಬ್ಲಾಗ್ ಓದುವವರಲ್ಲಿ ಹೆಚ್ಚಿನವರು ನಮ್ಮಂತೆಯೇ ತಾಲ್ಲೂಕು, ಹೋಬಳಿ ಮಟ್ಟದಲ್ಲಿ ಸುದ್ದಿ ಮಾಡುವವರು. ಚಿಪ್ಪಿನ ವಿಷಯ ನಮಗ್ಯಾಕೆ ಅನ್ನಬಹುದು. ಆದರೆ ಈ ಕೈಪಿಡಿಗಳಲ್ಲಿ ಇಂಜಿನಿಯರುಗಳಿಂದ ಬರೆಯಲಾಗದ ಒಂದು ಭಾಗ ಇದೆ, ಅದು ನಮ್ಮ ಕೈಯಲ್ಲಿದೆ. ರೈತರು ದೂರು ಹೇಳುವ ಮಾತು ಅದು.

ಕೈಪಿಡಿಯಲ್ಲಿ "ಸಿಂಗಲ್ ಫೇಸಿಂಗ್" ಎಂದಿರುತ್ತದೆ. ನಮ್ಮ ರೈತ ಹೇಳುವುದು "ಮೋಟ್ರು ಗುಂಯ್ ಅಂತೈತೆ, ತಿರುಗ್ತಿಲ್ಲ" ಎಂದು. ಕೈಪಿಡಿ "ಡ್ರೈ ರನ್" ಅನ್ನುತ್ತದೆ, ಇಲ್ಲಿ "ಬರೀ ಗಾಳಿ ಎಳೀತೈತೆ". ಇದಕ್ಕಿಂತ ಸೂಕ್ಷ್ಮದ್ದೂ ಇವೆ. ತ್ರೀ ಫೇಸ್ ಇಲ್ಲದ ಹೊತ್ತಿನಲ್ಲಿ ಕಂಡೆನ್ಸರ್ ಹಾಕಿ ಎರಡು ಫೇಸಿನಲ್ಲೇ ಮೋಟರ್ ಓಡಿಸುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಸಂಗತಿ. ಅದು ಸರಿಯೋ ತಪ್ಪೋ ಬೇರೆ ಚರ್ಚೆ. ಬೋರ್ಡಿನ ಲೆಕ್ಕದಲ್ಲಿ ಮೂರು ಫೇಸುಗಳ ವೋಲ್ಟೇಜ್ ಏರುಪೇರಾಗಿ ಕಂಡಾಗ, ಈ ಸಂಗತಿ ಗೊತ್ತಿಲ್ಲದ ಏಜೆಂಟ್ ಟಿಸಿ ಕೆಟ್ಟಿದೆ ಎನ್ನಬಹುದು, ರೈತ ಲೈನ್‌ಮನ್ ಜೊತೆ ಜಗಳಕ್ಕೆ ಹೋಗಬಹುದು. "ಕಂಡೆನ್ಸರ್ ಹಾಕಿದ್ದೀರಾ ಎಂದು ಮೊದಲು ಕೇಳು" ಎಂಬ ಸಾಲು ಯಾವ ಲ್ಯಾಬಿನಲ್ಲೂ ಹುಟ್ಟುವುದಿಲ್ಲ. ತೋಟಗಳಲ್ಲಿ ತಿರುಗುವವರು ಬರೆದುಕೊಡಬೇಕು.

ಆದ್ದರಿಂದ ನಮ್ಮದೊಂದು ಸಲಹೆ. ನಿಮ್ಮ ತಾಲ್ಲೂಕಿನ ಒಂದು ಸ್ಟಾರ್ಟರ್ ರಿಪೇರಿ ಅಂಗಡಿಯಲ್ಲಿ ಒಂದು ದಿನ ಕೂರಿ. ಬಂದವರು ಹೇಳಿದ ದೂರನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ಪಕ್ಕದಲ್ಲಿ ಕೊನೆಗೆ ಸಿಕ್ಕ ನಿಜವಾದ ದೋಷವನ್ನು ಬರೆಯಿರಿ. ಹೆಸರು, ಫೋನ್ ನಂಬರ್ ಬೇಡ. ಹತ್ತು ದೂರು, ಹತ್ತು ದೋಷ ಸಾಕು. ತೆಂಗಿನ ಸೀಮೆಯ ಪಟ್ಟಿ ನಾವು ಶುರು ಮಾಡುತ್ತೇವೆ. ಚಿತ್ರದುರ್ಗದ ಕಡೆಯವರು, ಕೋಲಾರದ ಕಡೆಯವರು, ಕಬ್ಬಿನ ಸೀಮೆಯವರು ತಮ್ಮದನ್ನು ಸೇರಿಸಲಿ, ಮಾತು ಊರಿಂದೂರಿಗೆ ಬದಲಾಗುತ್ತದೆ. ಪಟ್ಟಿ ಇಲ್ಲೇ ಎಲ್ಲರಿಗೂ ಸಿಗುವಂತಿರಲಿ. ತಯಾರಕರು, ಇಂಜಿನಿಯರಿಂಗ್ ಓದುವ ಮಕ್ಕಳು, ಏಜೆಂಟಿಗೆ ಕೈಪಿಡಿ ಬರೆಯುವವರು ಯಾರು ಬೇಕಾದರೂ ತಗೊಳ್ಳಲಿ.

ಬರುವ ಬೇಸಿಗೆಗೆ ಬೋರುಗಳಲ್ಲಿ ನೀರು ಇಳಿಯುತ್ತದೆ, ಟ್ರಿಪ್ ಆಗುವ ಸ್ಟಾರ್ಟರುಗಳು ಅಂಗಡಿಗೆ ಸಾಲುಗಟ್ಟುತ್ತವೆ. ಅಷ್ಟರೊಳಗೆ ಹತ್ತು ತಾಲ್ಲೂಕಿನ ಪಟ್ಟಿ ಸೇರಿದರೆ ನೂರು ದೂರುಗಳ ಕಡತ ಆಗುತ್ತದೆ. ಮೊದಲ ಹತ್ತನ್ನು ತುರುವೇಕೆರೆಯಿಂದ ಈ ತಿಂಗಳೇ ಹಾಕುತ್ತೇವೆ.